ಜೊಹರಾಕ್ಕನ ಬುತ್ತಿ

ಜೊಹರಾಕ್ಕನ ಸ್ಟೀಲಿನ ಬುತ್ತಿಯಲ್ಲಿ ಊಟ ಇರುತ್ತಿರಲಿಲ್ಲ. ಅಕ್ಕಿರೊಟ್ಟಿಯಂಥ ಪತ್ತಿರಿಯ ಆಸೆಯಿಂದ ಒಮ್ಮೆ ನಾನು ಕದ್ದು ಮುಚ್ಚಳ ತೆಗೆದೆ. ಒಳಗಿದ್ದದ್ದು ಮೂರು ಪುಟ್ಟ ವಿಡಿಯೋ ಟೇಪು.

"ಅದು ಮದುಮಗಳ ಮನೆಯವರದ್ದು ಮಾರಾಯ. ಹಸಿವಾದರೆ ಬಾಯಿಬಿಟ್ಟು ಕೇಳು," ಎಂದು ಕಿತ್ತುಕೊಂಡವರು, ಚೀಲದಿಂದ ಬಾಳೆಲೆಯ ಪೊಟ್ಟಣ ಬಿಚ್ಚಿ ಅರ್ಧ ನನಗೇ ಕೊಟ್ಟರು.

ಮೂಡಬಿದ್ರೆಯ ಕಾಲೇಜೊಂದರಲ್ಲಿ ಡಿಜಿಟಲ್ ಸಿನಿಮಾದ ಡಿಪ್ಲೊಮಾ ಹೊಸದಾಗಿ ಶುರುವಾಗಿತ್ತು. ಕೊಕ್ಕಡದಿಂದ ಬಂದ ನಾನೂ ಸೇರಿ ಹನ್ನೊಂದು ಹುಡುಗರು, ಎಲ್ಲರೂ ನಾಳೆಯೇ ನಿರ್ದೇಶಕರಾಗುವ ಗತ್ತಿನವರು. ಹನ್ನೆರಡನೆಯವರು ಪಾಣೆಮಂಗಳೂರಿನ ಜೊಹರಾಕ್ಕ, ಎರಡು ಮಕ್ಕಳ ತಾಯಿ. ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರ ಮದುವೆಗಳಲ್ಲಿ ಹೆಂಗಸರಿರುವ ಕಡೆ ಗಂಡಸು ಕ್ಯಾಮೆರಾ ಹಿಡಿದು ಹೋಗುವಂತಿಲ್ಲ. ಅಲ್ಲಿನ ಮದರಂಗಿ, ಹಾಡು, ನಗೆಯನ್ನೆಲ್ಲ ವರ್ಷಗಳಿಂದ ಚಿತ್ರಿಸುತ್ತಿದ್ದವರು ಅವರು. ಆದರೆ ಎಡಿಟಿಂಗಿಗೆ ಆ ಟೇಪು ಮಂಗಳೂರಿನ ಒಬ್ಬ ಗಂಡಸಿನ ಕೈಗೇ ಹೋಗಬೇಕಿತ್ತು.

"ಬಾಗಿಲಲ್ಲಿ ತಡೆದು ಕಿಟಕಿಯಲ್ಲಿ ಕೊಟ್ಟ ಹಾಗಾಯ್ತಲ್ಲ? ಅದಕ್ಕೆ ನಾನೇ ಕಲಿಯುವ ಅಂತ ಬಂದೆ," ಎನ್ನುತ್ತಿದ್ದರು.

ನಾವು ಬಸ್‌ಸ್ಟ್ಯಾಂಡಿನಲ್ಲಿ ಮರೆಯಲ್ಲಿ ನಿಂತು ಜನರ ಮುಖ ಸೆರೆಹಿಡಿದು ಬೀಗುತ್ತಿದ್ದೆವು. ಅವರು ಮೀನು ಮಾರುವವಳ ಪಕ್ಕ ಕೂತು, ಮೀನು ಕೊಂಡು, ಒಪ್ಪಿಗೆ ಕೇಳಿ, ಆಮೇಲೆ ಕ್ಯಾಮೆರಾ ತೆಗೆಯುತ್ತಿದ್ದರು. "ಕೇಳದೆ ತೆಗೆದದ್ದು ಕದ್ದದ್ದೇ," ಎಂಬುದು ಅವರ ಮಾತು. ನಮಗೆ ನಗು ಬರುತ್ತಿತ್ತು.

ಕೊನೆಯ ಪರೀಕ್ಷೆಗೆ ಅವರು ನೆರೆಮನೆಯ ಹುಡುಗಿಯ ಮದರಂಗಿಯ ದಿನವನ್ನೇ ಚಿತ್ರ ಮಾಡಿದರು. ಗಂಡಸರ ಕಣ್ಣಿಗೆ ಬೀಳಬಾರದು ಎಂಬುದು ಹುಡುಗಿಯ ತಾಯಿಯ ಷರತ್ತು. ನಮಗೆ ಪಾಠ ಮಾಡಿದವರು ಒಬ್ಬರು ಮೇಡಂ. ಅವರೇ ನೋಡಿ ಅಂಕ ಕೊಡುತ್ತಾರೆಂದು ಜೊಹರಾಕ್ಕ ನಂಬಿದ್ದರು. ಪರೀಕ್ಷೆಯ ದಿನ ನೋಡಿದರೆ, ಮಂಗಳೂರಿನಿಂದ ಹಿರಿಯ ಪರೀಕ್ಷಕರೊಬ್ಬರು ಬಂದಿಳಿದರು.

"ಸರ್, ಇದನ್ನು ನಿಮಗೆ ತೋರಿಸ್ಲಿಕ್ಕೆ ಆಗುವುದಿಲ್ಲ."

"ನೋಡದೆ ಮಾರ್ಕು ಕೊಡುವುದು ಹೇಗಮ್ಮ?"

"ಎರಡು ನಿಮಿಷ ತೋರಿಸಿಬಿಡಿ ಅಕ್ಕ, ಯಾರಿಗೆ ಗೊತ್ತಾಗ್ತದೆ?" ಎಂದು ನಾನು ಹಿಂದಿನಿಂದ ಪಿಸುಗುಟ್ಟಿದೆ. ಅವರು ನನ್ನನ್ನು ನೋಡಿದ ನೋಟಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

"ಫೇಲ್ ಮಾಡಿ ಸರ್. ಇನ್ನೊಂದು ವರ್ಷ ಕೂತು ಬೇರೆ ಚಿತ್ರ ಮಾಡ್ತೇನೆ. ಕೊಟ್ಟ ಮಾತು ಹೋದರೆ ಮತ್ತೆ ನನ್ನನ್ನು ಯಾರು ಒಳಗೆ ಕರೀತಾರೆ?" ಟೇಪನ್ನು ಬುತ್ತಿಯೊಳಗಿಟ್ಟು ಮುಚ್ಚಳ ಒತ್ತಿದರು.

ಪರೀಕ್ಷಕರು ಅಂಕಪಟ್ಟಿಯನ್ನು ಮೇಡಂ ಕಡೆ ಸರಿಸಿದರು. "ನೀವು ನೋಡಿ ಬರೀರಿ, ನಾನು ಸಹಿ ಹಾಕ್ತೇನೆ," ಎಂದು ತಾವೇ ಮೊದಲು ಹೊರಗೆ ನಡೆದರು. ಮೇಡಂ ಲೈಬ್ರರಿಯ ಅಕ್ಕನನ್ನೂ ಕಸ ಗುಡಿಸುವ ಹೆಂಗಸರನ್ನೂ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನಾವು ಹನ್ನೊಂದು ಮಂದಿ ವರಾಂಡದಲ್ಲಿ ನಿಂತೆವು. ಒಳಗೆ ಹಾಡು ಕೇಳಿಸಿತು, ಎಲ್ಲರೂ ಒಟ್ಟಿಗೆ ನಕ್ಕರು. ಆಮೇಲೆ ಯಾರೋ ಮೂಗು ಸೀಟುವ ಸದ್ದು ಬಂತು.

ಪರೀಕ್ಷಕರು ಬಾಗಿಲಿಗೆ ಕಿವಿಗೊಟ್ಟು, "ಸೌಂಡ್ ಒಳ್ಳೆದುಂಟು," ಎಂದರು.

ತರಗತಿಗೇ ಹೆಚ್ಚು ಅಂಕ ಜೊಹರಾಕ್ಕನಿಗೆ. ನಮ್ಮ ಹನ್ನೊಂದು ಚಿತ್ರಗಳು ಯಾರಿಗೂ ನೆನಪಿಲ್ಲ, ನನ್ನದಂತೂ ನನಗೇ ಬೇಡ. ಅವರ ಜೊತೆ ಕಲಿತವನು ಎಂಬುದನ್ನು ಮಾತ್ರ ಸಿಕ್ಕಸಿಕ್ಕವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತೇನೆ.

ನನ್ನ ಮದುವೆಯಾದ ವರ್ಷ ಹೆಂಡತಿಯನ್ನು ಕರೆದುಕೊಂಡು, ಅವರು ಮೆಲ್ಕಾರಿನಲ್ಲಿ ತೆರೆದಿದ್ದ ಸ್ಟುಡಿಯೋಗೆ ಹೋಗಿದ್ದೆ. ಅದೇ ಕೊನೆಯ ಭೇಟಿ. ಮರುವರ್ಷ ಅವರು ಮಕ್ಕಳೊಂದಿಗೆ ಗಲ್ಫಿನಲ್ಲಿದ್ದ ಗಂಡನ ಬಳಿ ಹೋದರು.

"ಇನ್ನಾದರೂ ಆ ಚಿತ್ರ ತೋರಿಸಿ ಅಕ್ಕ," ಎಂದೆ ಅಂದು.

"ಅದಕ್ಕೇನಂತೆ, ತೋರಿಸ್ತೇನೆ," ಎಂದವರೇ ಕಪಾಟಿನಿಂದ ಅದೇ ಬುತ್ತಿ ತೆಗೆದು, ನನ್ನ ಹೆಂಡತಿಯ ಕೈ ಹಿಡಿದು ಒಳಗೆ ಹೋದರು. ನನಗೆ ಹೊರಗೆ ಒಂದು ಲೋಟ ಶರಬತ್ತು.

ಹೆಂಡತಿ ಕಣ್ಣು ಕೆಂಪಗೆ ಮಾಡಿಕೊಂಡು, ನಗುತ್ತ ಹೊರಬಂದಳು. ಬಸ್ಸಿನಲ್ಲಿ ಕೂತೊಡನೆ ಕೇಳಿದೆ, "ಏನುಂಟು ಅದರಲ್ಲಿ?"

"ಜೊಹರಾಕ್ಕನಿಗೆ ಮಾತು ಕೊಟ್ಟಿದ್ದೇನೆ," ಎಂದಳು.