ಖಾಲಿ ಕೊಡಬಾರದ ಬಾಟಲಿ

ಅಂದು ಪರದೇಶದ ಕಾಪೆಲ್ ಎಂಬ ಊರಿನ ನಮ್ಮ ಅಡುಗೆಮನೆಯಲ್ಲಿ ಇದ್ದದ್ದು ನಾನು, ಧಾರವಾಡದ ಮೇಘಾ, ಮತ್ತು ಇಪ್ಪತ್ತನಾಲ್ಕು ಗಾಜಿನ ಬಾಟಲಿಗಳ ಒಂದು ಪೆಟ್ಟಿಗೆ. ಬಾಟಲಿಗಳನ್ನೂ ಜನರ ಜೊತೆ ಸೇರಿಸುತ್ತಾನಲ್ಲ ಎಂದು ನಗಬೇಡಿ. ಹೆಂಡತಿ ಹೋದಮೇಲೆ ಈ ಮನೆಯಲ್ಲಿ ಫ್ರಿಜ್ಜು ಗುರ್ ಎಂದರೂ "ಏನಪ್ಪಾ" ಎನ್ನುವಷ್ಟು ಸಲಿಗೆ ನನಗೆ ಬೆಳೆದಿದೆ.

ಮೇಘಾ ಆಸ್ಟಿನ್‌ನಲ್ಲಿ ಸಂಶೋಧನೆ ಮಾಡುತ್ತಾಳೆ. ತಿಂಗಳಿಗೊಮ್ಮೆ ಡ್ರೈವ್ ಮಾಡಿಕೊಂಡು ನನ್ನ ಕೈಯಡುಗೆ ಉಣ್ಣಲು ಬರುತ್ತಾಳೆ. ಅವಳ ವಿಷಯ ಅಂಟಾರ್ಕ್ಟಿಕಾದ ಮರುಭೂಮಿಯ ತೊರೆಗಳಲ್ಲಿ ಕರಗಿರುವ ಇಂಗಾಲ. ಹಿಮವಿದ್ದೂ ಮರುಭೂಮಿಯೇ? ಹೌದಂತೆ. ಮಳೆಯಿಲ್ಲ, ಮರವಿಲ್ಲ. ಬೇಸಿಗೆಯ ಕೆಲವೇ ವಾರ ಹಿಮನದಿ ಕರಗಿ ತೊರೆ ಹರಿಯುತ್ತದೆ. ನಮ್ಮ ಹೊಳೆಗಳಿಗಾದರೆ ಎಲೆ, ಮಣ್ಣು, ಸಗಣಿ ಎಲ್ಲವೂ ಇಂಗಾಲ ಕೊಡುತ್ತವೆ. ಅಲ್ಲಿ ಒಂದು ತರಗೆಲೆ ಉದುರಿಸುವವರೂ ಇಲ್ಲ. ತಳದಲ್ಲಿ ಪಾಚಿಯ ಚಾಪೆ ಮಾತ್ರ ವರ್ಷದ ಬಹುಭಾಗ ಹಪ್ಪಳದಂತೆ ಒಣಗಿ ಬಿದ್ದಿರುತ್ತದೆ. ನೀರು ತಾಗಿದರೆ ಸ್ವಲ್ಪ ಹೊತ್ತಿಗೆಲ್ಲ ಎಚ್ಚೆತ್ತು, ತನ್ನದೇ ಒಂದಿಷ್ಟನ್ನು ನೀರಿಗೆ ಬಿಟ್ಟುಕೊಡುತ್ತದೆ. ಆ ಪಾಚಿ ನನ್ನ ಹತ್ತಿರದ ನೆಂಟ ಎಂದು ನನಗೆ ಆಗಲೇ ಅನಿಸಿತ್ತು.

ರೂಮು ಶಿಫ್ಟ್ ಮಾಡುವಾಗ ಅವಳು ಆ ತೊರೆಗಳ ನೀರು ತುಂಬಿ ತರುವ ಬಾಟಲಿಗಳ ಪೆಟ್ಟಿಗೆಯನ್ನು ನನ್ನಲ್ಲಿ ಇಟ್ಟುಹೋಗಿದ್ದಳು. ಅಂಟಾರ್ಕ್ಟಿಕಾಕ್ಕೆ ಹೊರಡುವ ವಿಮಾನದ ಮುನ್ನಾದಿನ ಒಯ್ಯಲು ಬಂದಳು. ಯಾರ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸಬಾರದು, ಚಿಟಿಕೆ ಸಕ್ಕರೆಯಾದರೂ ಇರಲಿ ಎಂದು ನಮ್ಮಜ್ಜಿ ಕಲಿಸಿದ್ದರು. ಎಷ್ಟೋ ವರ್ಷದಿಂದ ಈ ಮನೆಗೆ ಯಾರ ಪಾತ್ರೆಯೂ ಬಂದಿರಲಿಲ್ಲ. ಈಗ ಒಮ್ಮೆಲೇ ಇಪ್ಪತ್ತನಾಲ್ಕು! ಬೆಳಿಗ್ಗೆಯೇ ಕೂತು ಒಂದೊಂದಕ್ಕೂ ಒಂದೊಂದು ಚಮಚ ಹಾಕಿದ್ದೆ.

"ಕಾಕಾ, ಇದರಾಗ ಏನ್ ಹಾಕೀರಿ?"

"ಸಕ್ಕರೆ ಕಣಮ್ಮ. ಪಾತ್ರೆ ಖಾಲಿ ಕೊಡಬಾರದಲ್ಲ, ಶುಭಕ್ಕೆ."

ಅವಳು ಕುರ್ಚಿಯಲ್ಲಿ ಕುಸಿದಳು. "ಸಕ್ಕರಿ ಅಂದ್ರ ಕಾರ್ಬನ್ನ ಅಲ್ಲೇನ್ರೀ! ಕೈ ತಾಗಿದ್ರೂ ಕೆಡ್ತದಂತ ಭಟ್ಟಿಯೊಳಗ ಸುಟ್ಟು ಶುದ್ಧ ಮಾಡಿದ್ದೆ. ಒಂದ್ ಬಾಟ್ಲಿ ನೀರಾಗ ನಾ ಹುಡುಕೂದು ಈ ಸಕ್ಕರಿಯ ಒಂದ್ ಕಾಳಿಗಿಂತ ಕಮ್ಮಿ!"

ತಂಡದವರ ಹತ್ತಿರ ಇನ್ನೊಂದು ಪೆಟ್ಟಿಗೆಯಿದೆ, ಅಷ್ಟರಲ್ಲೇ ಸಾಗಿಸುತ್ತೇನೆ ಎಂದಳು. ಬಾಟಲಿಗಳನ್ನು ಇಲ್ಲೇ ಬಿಟ್ಟು, ಮಾಡಿಟ್ಟ ಹುಳಿ ಮುಟ್ಟದೆ ಹೊರಟಳು.

ಮೂರು ತಿಂಗಳು ಫೋನಿಲ್ಲ. ಅಲ್ಲಿ ಸಿಗ್ನಲ್ ಸಿಗದು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳುವವನೂ ನಂಬುವವನೂ ಒಬ್ಬನೇ ಆದರೆ ಸಮಾಧಾನ ಬಹಳ ದಿನ ಬಾಳುವುದಿಲ್ಲ. ದಿನಕ್ಕೊಂದು ಬಾಟಲಿಯ ಸಕ್ಕರೆಯನ್ನು ಕಾಫಿಗೆ ಸುರಿದುಕೊಂಡೆ. ಸಕ್ಕರೆ ಮುಗಿಯಿತು, ಅವಳು ಬರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಬಂದಳು, ಬಿಸಿಲಿಗೆ ಮೂಗು ಸುಲಿದುಕೊಂಡು. ತೊಳೆದಿಟ್ಟ ಬಾಟಲಿಗಳನ್ನು ಹೆದರುತ್ತಲೇ ಮುಂದಿಟ್ಟೆ. ಒಂದನ್ನು ತೆಗೆದು ಬೆಳಕಿಗೆ ಹಿಡಿದಳು.

"ಏನ್ ಕಾಕಾ, ಖಾಲಿ ಕೊಡ್ತೀರೇನು?"

ತಾನೇ ಡಬ್ಬಿ ಹುಡುಕಿ ಅದಕ್ಕೊಂದು ಚಮಚ ಸಕ್ಕರೆ ಹಾಕಿ, ನನ್ನ ಒಲೆಯ ಪಕ್ಕ ಇಟ್ಟಳು. "ಇದು ಇಲ್ಲೇ ಇರಲಿ. ಮುಂದಿನ ತಿಂಗಳು ಒಯ್ತೀನಿ."

ಆಮೇಲೆ ಕೂತು, ಎರಡು ಸಲ ಹುಳಿ ಹಾಕಿಸಿಕೊಂಡು ಉಂಡಳು.