ನಿಂತ ಗಾಡಿಯ ಚೈನು

ನಮ್ಮ ಮಾವನವರ ವ್ಯಾಕರಣದಲ್ಲಿ ಮಧ್ಯಮ ಪುರುಷ ಇರಲಿಲ್ಲ. ಎಲ್ಲರ ಪಾಲಿಗೂ ಅಲ್ಲ, ನನ್ನ ಪಾಲಿಗೆ. ಸೊಪ್ಪಿನವಳನ್ನು "ಏನವ್ವಾ" ಎನ್ನುತ್ತಿದ್ದರು, ಕೆಳಗಿನ ಬಾಡಿಗೆ ಹುಡುಗರನ್ನು "ಏನ್ ಗುರು" ಎನ್ನುತ್ತಿದ್ದರು, ಗೇಟಿನ ಮುಂದೆ ಮಲಗುವ ಬೀದಿನಾಯಿಯನ್ನು "ಬಾರಯ್ಯ" ಎಂದು ಕರೆದು ಮುದ್ದೆ ಹಾಕುತ್ತಿದ್ದರು. ಆ ನಾಯಿಯನ್ನು ನೋಡಿ ನಾನು ಹೊಟ್ಟೆಕಿಚ್ಚುಪಟ್ಟಿದ್ದೇನೆ, ಸುಳ್ಳು ಹೇಳಲಾರೆ. ನಾನು ಎದುರಿಗೇ ಕೂತಿದ್ದರೂ ಅವರು ಮಗಳ ಕಡೆ ತಿರುಗಿ "ಊಟ ಆಯ್ತಂತಾ?" ಎಂದು ಕೇಳುತ್ತಿದ್ದರು. ಮಗಳು ಮನೆಯಲ್ಲಿಲ್ಲದಿದ್ದರೆ ಗೋಡೆಗೆ ಮುಖ ಮಾಡಿ "ಗೇಟು ಆಕ್ಬೇಕಾಗಿತ್ತು" ಎನ್ನುತ್ತಿದ್ದರು. ಯಾರು ಹಾಕಬೇಕು, ಯಾರಿಗೆ ಹೇಳಿದ್ದು, ಅದೆಲ್ಲ ನಾನೇ ಅರ್ಥ ಮಾಡಿಕೊಳ್ಳಬೇಕು. ನಾನು ಹೋಗಿ ಗೇಟು ಹಾಕಿ ಬರುತ್ತಿದ್ದೆ. ಹೀಗೆ ಹನ್ನೊಂದು ವರ್ಷ ನಡೆಯಿತು.

ನಾನು ಬಾಗಲಕೋಟೆ ಕಡೆಯವನು. ಬೆಂಗಳೂರಿನ ಮತ್ತಿಕೆರೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನ್ನ ಹೆಂಡತಿ ಅಲ್ಲಿಯೇ ಗಣಿತದ ಮೇಡಂ, ಅಬ್ಬಿಗೆರೆಯ ಹಳೇ ಒಕ್ಕಲು ಮನೆಯ ಒಬ್ಬಳೇ ಮಗಳು. ಜಾತಿ ಬೇರೆ, ಸೀಮೆ ಬೇರೆ, ಅವರದು ಮುದ್ದೆ, ನಮ್ಮದು ರೊಟ್ಟಿ. ರಿಜಿಸ್ಟರ್ ಮದುವೆಯಾದೆವು, ಮಾವ ಬರಲಿಲ್ಲ. ಅತ್ತೆ ಅದಕ್ಕೂ ಮುಂಚೆಯೇ ತೀರಿಕೊಂಡಿದ್ದರು. ಮಗಳನ್ನು ಬಿಟ್ಟಿರಲಾರದೆ ಮಾವ ಆರೇ ತಿಂಗಳಿಗೆ ಮನೆಗೆ ಕರೆಸಿ ಮಹಡಿ ಬಿಟ್ಟುಕೊಟ್ಟರು. ಕರೆಸಿದ್ದು ಮಗಳನ್ನು, ಅವಳ ಜೊತೆ ನಾನೂ ಬಂದೆ, ಅಷ್ಟೆ.

ಮೊದಲ ದಿನ ನಮ್ಮ ಕಡೆಯ ರೂಢಿಯಂತೆ "ಮಾವಾರ" ಎಂದು ಕರೆದೆ. ಅವರು ಮಗಳ ಕಡೆ ತಿರುಗಿ, ಈ ಮಾವಾರ ಅನ್ನೋದು ಸೋಮವಾರಕ್ಕೆ ಮುಂಚೆ ಬರುತ್ತೋ ಆಮೇಲೆ ಬರುತ್ತೋ ಕೇಳು ಅಂದರು. ಬಾಡಿಗೆ ಹುಡುಗರೆಲ್ಲ ನಕ್ಕರು. ನನಗೋ ಮೂಗಿನ ತುದಿಯಲ್ಲೇ ಕೋಪ. ಅಂದಿನಿಂದ ನಾನೂ ಅವರನ್ನು ಏನೆಂದೂ ಕರೆಯಲಿಲ್ಲ. ಆದರೆ ಒಳಗೊಳಗೇ ಒಂದು ಆಸೆ ಇತ್ತು. ಈ ಮನುಷ್ಯ ಒಂದು ಸಲ, ಬೈಯುವುದಕ್ಕಾದರೂ ಸರಿ, ನನ್ನನ್ನು ನೇರವಾಗಿ ಮಾತಾಡಿಸಬೇಕು. ಅದಾಗುವವರೆಗೆ ಆ ಮನೆಯಲ್ಲಿ ನಾನೂ ಒಬ್ಬ ಬಾಡಿಗೆಯವನೇ ಅನಿಸುತ್ತಿತ್ತು.

ಹೋದ ವರ್ಷ ಸ್ಕೂಟರಿನಿಂದ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಎರಡು ತಿಂಗಳು ಮನೆಯಲ್ಲಿ ಕೂತೆ. ಕೂತವನು ಸುಮ್ಮನೆ ಕೂರಲಿಲ್ಲ, ಎಲ್ಲದಕ್ಕೂ ರೇಗಿದೆ. ಹೆಂಡತಿ ಎಲ್ಲಿಂದಲೋ ಒಂದು ಪೆಟ್ಟಿಗೆ ತರಿಸಿ ಮುಂದಿಟ್ಟು, ಬಾಯಿಗೆ ರಜೆ ಕೊಟ್ಟು ಕೈಗೆ ಕೆಲಸ ಕೊಡಿ ಅಂದಳು. ಒಳಗೆ ಬೂದು ಬಣ್ಣದ ನೂರಾರು ಪ್ಲಾಸ್ಟಿಕ್ ಚೂರುಗಳು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಓಡಿಸಿದ ಒಂದು ಉಕ್ಕಿನ ಗಾಡಿಯ ಮಾದರಿ, ಅಸಲಿನ ಮೂವತ್ತೈದರಲ್ಲಿ ಒಂದು ಪಾಲು. ಟ್ಯಾಂಕಿನಂಥದ್ದೇ, ಆದರೆ ಮೇಲೆ ತಿರುಗುವ ಗೋಪುರವಿಲ್ಲ. ಕುಳ್ಳು ಮೈ, ಮುಂದಕ್ಕೆ ಚಾಚಿದ ಒಂದು ಫಿರಂಗಿ, ಎರಡು ಬದಿಗೂ ಚಕ್ರಗಳನ್ನು ಸುತ್ತುವ ಚೈನು.

ಅಸಲು ಗಾಡಿ ಯಾರ ಕಡೆಯಿಂದ, ಯಾರ ಮನೆ ಹಾಳು ಮಾಡಲು ಹೊರಟಿತ್ತೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಒಂದು ಚೂರನ್ನು ಇನ್ನೊಂದಕ್ಕೆ ಕೂಡಿಸಿ, ಗೆರೆ ಕಾಣದಂತೆ ಉಜ್ಜಿ, ಅದು ಸರಿಯಾಗಿ ಕೂತಾಗ ಆಗುವ ಸಮಾಧಾನ ನನಗೆ ಪಾಠದಲ್ಲೂ ಸಿಕ್ಕಿರಲಿಲ್ಲ. ಕಾಲು ವಾಸಿಯಾದ ಮೇಲೂ ಬಿಡಲಿಲ್ಲ. ಎಂಟು ತಿಂಗಳಿಗೆ ಮೈ ಮುಗಿಸಿ ಚೈನಿಗೆ ಬಂದೆ. ಒಂದೊಂದು ಬದಿಗೂ ನೂರರ ಹತ್ತಿರ ಕೊಂಡಿಗಳು, ಒಂದೊಂದೂ ಅವರೆಕಾಳಿನಷ್ಟು. ಒಂದೊಂದನ್ನೂ ಚಿಮ್ಮಟದಲ್ಲಿ ಹಿಡಿದು ಅಂಟಿಸಬೇಕು.

ಒಂದು ಭಾನುವಾರ ಬೆಳಿಗ್ಗೆ ಮಾವ ಕೆಳಗಿನಿಂದ, ಮೇಲೆ ಸದ್ದೇ ಇಲ್ಲವಲ್ಲ, ಎಲ್ಲವ್ರಂತೆ ಎಂದು ಮಗಳನ್ನು ಕೇಳಿದರು. ಅವಳು ಮೆಟ್ಟಿಲ ಮೇಲಿಂದಲೇ, "ಟ್ಯಾಂಕಿಗೆ ಗಮ್ ಹಾಕ್ತಾ ಕೂತಿದಾರಪ್ಪ" ಅಂದಳು. ಅಬ್ಬಿಗೆರೆಯಲ್ಲಿ ಟ್ಯಾಂಕ್ ಅಂದರೆ ಒಂದೇ, ತಾರಸಿಯ ಮೇಲಿನ ನೀರಿನ ಟ್ಯಾಂಕ್. ನಲ್ಲಿಗೆ ವಾಷರ್ ಹಾಕಲು ಬಾರದ ಕನ್ನಡ ಮೇಷ್ಟ್ರು ತಮ್ಮ ಟ್ಯಾಂಕಿಗೆ ಕೈ ಹಾಕಿದ್ದಾನೆಂದು ಕೇಳಿದ್ದೇ ತಡ, ಮಾವ ಪೈಪು ತಿರುಗಿಸುವ ದೊಡ್ಡ ಪಾನ ಹಿಡಿದುಕೊಂಡು ಒಂದೇ ಉಸಿರಿಗೆ ತಾರಸಿ ಹತ್ತಿದರು. ಟ್ಯಾಂಕು ತನ್ನ ಪಾಡಿಗೆ ತಾನಿತ್ತು. ಇಳಿಯುವಾಗ ನಮ್ಮ ಬಾಗಿಲು ತೆರೆದಿತ್ತು, ಒಳಗೆ ಬಂದರು. ನಾನಿದ್ದಾಗ ಅವರು ಮಹಡಿ ಮನೆಯೊಳಗೆ ಕಾಲಿಟ್ಟಿದ್ದು ಅದೇ ಮೊದಲು.

ಮೇಜಿನ ಮೇಲೆ ನನ್ನ ಗಾಡಿ ನಿಂತಿತ್ತು. ಒಂದು ಬದಿಯ ಚೈನು ಅಂಟಿಸಿ ಮುಗಿಸಿದ್ದೆ. ತಂತಿ ಎಳೆದ ಹಾಗೆ ನೆಟ್ಟಗೆ, ಬಿಗಿಯಾಗಿ. ಅದೇ ನನ್ನ ಹೆಮ್ಮೆ. ಮಾವ ಪಾನವನ್ನು ನೆಲಕ್ಕಿಟ್ಟು, ಕೈ ಹಿಂದೆ ಕಟ್ಟಿ, ಬಗ್ಗಿ ನೋಡಿದರು. ಈ ಪಕ್ಕ ನೋಡಿ ಆ ಪಕ್ಕಕ್ಕೆ ಹೋದರು. ಆಮೇಲೆ ಕೇಳಿದರು.

"ನಿಂತಿರೋದೋ, ಓಡ್ತಿರೋದೋ?"

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪ್ರಶ್ನೆ ಗಾಡಿಯದು, ಆದರೆ ಕೇಳಿದ್ದು ನನ್ನನ್ನೇ. ಎಂಟು ತಿಂಗಳು ಅದರ ಒಂದೊಂದು ಮೊಳೆಯನ್ನೂ ಕೂರಿಸಿದವನಿಗೆ ಅದು ನಿಂತಿದೆಯೋ ಓಡುತ್ತಿದೆಯೋ ಎಂಬ ಯೋಚನೆಯೇ ಬಂದಿರಲಿಲ್ಲ.

ಮಾವ ಮೂವತ್ತು ವರ್ಷ ಬುಲ್ಡೋಜರ್ ಓಡಿಸಿದವರು. ಅಬ್ಬಿಗೆರೆಯಿಂದ ಚಿಕ್ಕಬಾಣಾವರದ ತನಕ ಎಷ್ಟೋ ರಾಗಿ ಹೊಲಗಳನ್ನು, ತಮ್ಮ ಹೊಲವನ್ನೂ ಸೇರಿಸಿ, ಮಟ್ಟ ಮಾಡಿ ಸೈಟು ಮಾಡಿಕೊಟ್ಟವರು. ಅದೂ ಚೈನಿನ ಮೇಲೆ ಓಡುವ ಗಾಡಿಯೇ ಎಂಬುದು ನನಗೆ ಹೊಳೆದದ್ದು ಆಗಲೇ. ಅವರು ಗೋಡೆಗೆ ಹೇಳುವ ಧಾಟಿಯಲ್ಲೇ ಬಿಡಿಸಿ ಹೇಳಿದರು. ಡೋಜರಿಗೆ ಚೈನು ಎಳೆಯುವ ಹಲ್ಲಿನ ಚಕ್ರ ಹಿಂದಿರುತ್ತದೆ, ಇದಕ್ಕೆ ಮುಂದಿದೆ. ಹಾಗಾಗಿ ಮುಂದಕ್ಕೆ ಓಡುವಾಗ ಇದರ ಮೇಲಿನ ಚೈನು ಬಿಗಿಯುತ್ತದೆ, ಒಪ್ಪೋಣ. ಆದರೆ ನಿಂತ ಮೇಲೆ ಅದು ತನ್ನನ್ನು ಹೊರುವ ಚಿಕ್ಕ ರೋಲರುಗಳ ನಡುವೆ ಜೋಲಲೇಬೇಕು, ಉಕ್ಕಿನ ಭಾರ ಎಲ್ಲಿಗೆ ಹೋಗುತ್ತದೆ? ಬಾಗಿಲು ಮುಚ್ಚಿ, ಜನವಿಲ್ಲದೆ ನಿಂತ ಗಾಡಿಗೆ ಇಷ್ಟು ಬಿಗಿ ಚೈನು ಎಲ್ಲೂ ಇಲ್ಲ. ಇಷ್ಟು ಹೇಳಿ ಪಾನ ಎತ್ತಿಕೊಂಡು ಇಳಿದುಹೋದರು.

ನನಗೆ ಮೈ ಉರಿಯಿತು. ಅವರ ತಪ್ಪು ಹಿಡಿಯಲೆಂದೇ ಯುದ್ಧಕಾಲದ ಫೋಟೋಗಳನ್ನು ಹುಡುಕಿ ನೋಡಿದೆ. ನಿಂತ ಗಾಡಿಗಳಿಗೆಲ್ಲ ಚೈನು ಜೋತುಬಿದ್ದಿತ್ತು. ಎಷ್ಟು ಸಲ ನೋಡಿದ್ದ ಫೋಟೋಗಳು ಅವು, ಒಂದು ಸಲವೂ ಕಂಡಿರಲಿಲ್ಲ. ಅಂಟಿಸಿದ್ದ ಚೈನನ್ನು ಕಿತ್ತೆ. ಏಳೆಂಟು ಕೊಂಡಿ ಮುರಿದವು.

ಮುಂದಿನ ಭಾನುವಾರ ಮಾವ ಮತ್ತೆ ಬಂದರು. ನೀರಿನ ಟ್ಯಾಂಕ್ ನೋಡಬೇಕಿತ್ತಂತೆ. ಅದರ ಮುಂದಿನ ಭಾನುವಾರವೂ ನೋಡಬೇಕಿತ್ತು. ಮೂರು ತಿಂಗಳು ಬಿಡದೆ ನೋಡಿದರು. ಅಷ್ಟು ಆರೈಕೆ ಕಂಡ ಟ್ಯಾಂಕು ಇಡೀ ಬೆಂಗಳೂರಿನಲ್ಲಿ ಇನ್ನೊಂದು ಇರಲಾರದು. ಇಳಿಯುವಾಗ ನಮ್ಮಲ್ಲಿ ಬಂದು, ಕುರ್ಚಿ ಎಳೆದು ಕೂತು, ಮೇಜಿನ ಜೊತೆ ಮಾತಾಡುತ್ತಿದ್ದರು.

ಆ ಮಾತು ಕೇಳುವುದೇ ಒಂದು ಭಾಗ್ಯವಾಗಿತ್ತು. ಚೈನು ಎಷ್ಟು ಜೋಲಬೇಕು ಎಂಬುದಕ್ಕೆ ಅವರಲ್ಲಿ ಲೆಕ್ಕವಿತ್ತು. ಎರಡು ರೋಲರುಗಳ ಮೇಲೆ ನೆಟ್ಟನೆಯ ಕೋಲು ಇಡಬೇಕು, ಕೋಲಿಗೂ ಚೈನಿಗೂ ನಡುವೆ ಬೆರಳು ತೂರಿಸಬೇಕು. ಎರಡು ಬೆರಳು ಹಿಡಿದರೆ ಸರಿ. ಮೂರಾದರೆ ಕಳಚಿಕೊಳ್ಳುತ್ತದೆ, ಒಂದೇ ಆದರೆ ಸವೆಯುತ್ತದೆ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಅದನ್ನು ಮೂವತ್ತೈದರಿಂದ ಭಾಗಿಸಿ, ಒಂದು ಮಿಲಿಮೀಟರ್ ಅಂದಳು. ಚೈನಿನಲ್ಲಿ ನೆಲ ಉಜ್ಜುವ ಭಾಗ ಬೆಳ್ಳಿಯಂತೆ ಹೊಳೆಯಬೇಕು, ಉಳಿದದ್ದಕ್ಕೆ ತುಕ್ಕು ಅಂದರು. ನಾನು ಪೆನ್ಸಿಲಿನ ಸೀಸ ತಿಕ್ಕಿ ಹೊಳಪು ತಂದೆ. ಗಾಡಿಯ ಬಣ್ಣವನ್ನು ನಾನು ಎರಡು ಪಕ್ಕಕ್ಕೂ ಸಮವಾಗಿ ಸವೆಸಿದ್ದೆ. ಅವರು ತಲೆ ಆಡಿಸಿದರು. ಡ್ರೈವರಾದವನು ಯಾವಾಗಲೂ ಒಂದೇ ಪಕ್ಕದಿಂದ ಹತ್ತುತ್ತಾನೆ, ಒಂದೇ ಜಾಗಕ್ಕೆ ಕಾಲಿಡುತ್ತಾನೆ, ಬಣ್ಣ ಹೋಗುವುದು ಅಲ್ಲಿ.

ಒಂದು ದಿನ ಇದು ಯಾರ ಗಾಡಿ ಎಂಬ ಮಾತು ಬಂತು. ಆ ಸೈನ್ಯ ಎಂಥ ಕೆಲಸಗಳನ್ನು ಮಾಡಿತೆಂದು ನಾನು ಹೇಳಿದೆ. ಅವರು ಗಾಡಿಯನ್ನೇ ತೋರಿಸಿ, "ಮಾಡ್ದೋನು ಕೆಲಸಗಾರ, ಮಾಡಿಸ್ದೋನು ಮನೆಹಾಳ" ಅಂದರು. ತರಗತಿಯಲ್ಲಿ ನಾನು ಒಂದು ಗಂಟೆ ಕೊರೆದರೂ ಅಷ್ಟು ಚೊಕ್ಕವಾಗಿ ಹೇಳಲಾರೆ. ಪುಸ್ತಕ ಓದಿದವರನ್ನೇ ದೊಡ್ಡವರೆಂದು ತಿಳಿದಿದ್ದ ನನಗೆ, ಮೈಯಿಂದ ಕಲಿತವರ ಮುಂದೆ ಕೂರುವುದು ಏನೆಂದು ಆ ಮೂರು ತಿಂಗಳಲ್ಲಿ ಗೊತ್ತಾಯಿತು. ಅವರು ಕಣ್ಣು ಮುಚ್ಚಿಕೊಂಡು, ಸೀಟು ಅದುರುವ ರೀತಿಯಿಂದಲೇ ಕೆಳಗೆ ಬಂಡೆಯಿದೆಯೋ ಬರೀ ಮಣ್ಣೋ ಹೇಳುತ್ತಿದ್ದರಂತೆ. ನಾನು ನಂಬಿದೆ.

ಇಷ್ಟೆಲ್ಲ ಆದರೂ ನನಗೆ "ನೀವು" ಇಲ್ಲ, "ನೀನು" ಇಲ್ಲ. "ಇಲ್ಲಿ ಇನ್ನೊಸಿ ಗಮ್ ಬೇಕಾಗಿತ್ತು", "ಆ ಚೂರು ಉಲ್ಟಾ ಕೂತದೆ", ಇದೇ ಆಯಿತು. ಪ್ಲಾಸ್ಟಿಕ್ಕಿಗೆ ಸಿಕ್ಕ ಮರ್ಯಾದೆ ನನಗೆ ಸಿಗಲಿಲ್ಲವಲ್ಲ ಎಂದು ಒಳಗೇ ಕುದಿಯುತ್ತಿದ್ದೆ. ಇದು ತಿರಸ್ಕಾರ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಹನ್ನೊಂದು ವರ್ಷ ಹಿಡಿದ ಹಟವನ್ನು ಒಂದು ಆಟಿಕೆ ಬಿಡಿಸೀತೇ?

ಕೊನೆಯ ಬದಿಯ ಚೈನು ಕೂರಿಸುವ ಭಾನುವಾರ ಬಂತು. ಅಂಟು ಹಸಿಯಾಗಿರುವಾಗಲೇ ಮೂರು ರೋಲರುಗಳ ನಡುವೆ ಎರಡು ಕಡೆ ಚೈನನ್ನು ಕೆಳಕ್ಕೆ ಒತ್ತಿಹಿಡಿಯಬೇಕು. ನನ್ನ ಒಂದು ಕೈ ಗಾಡಿಯ ಮೈಗೆ, ಇನ್ನೊಂದು ಹಲ್ಲಿನ ಚಕ್ರದ ಮೇಲಿನ ತುದಿಗೆ. ಮಾವ ಕೇಳದೆಯೇ ಎರಡು ಪೊರಕೆಕಡ್ಡಿ ಮುರಿದುಕೊಂಡು, ಎರಡು ಕೈಯಲ್ಲಿ ಎರಡು ಕಡೆ ಒತ್ತಿದರು. ಎಪ್ಪತ್ತು ದಾಟಿದ ಕೈ ಕಲ್ಲಿನ ಹಾಗೆ ನಿಂತಿತ್ತು. ನಡುಗುತ್ತಿದ್ದದ್ದು ನನ್ನದು.

"ಅಲ್ಲಾಡ್ಬೇಡ ಕಣೋ" ಅಂದರು.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಸುಮ್ಮನಿದ್ದಿದ್ದರೆ ಆಗುತ್ತಿತ್ತು, ಆದರೆ ನನ್ನ ಬಾಯಿ ಯಾವಾಗ ಸುಮ್ಮನಿದ್ದೀತು. "ಹನ್ನೊಂದ್ ವರ್ಷಕ್ಕ ಇವತ್ತ ನನ್ನ ಮಾತಾಡ್ಸಿದ್ರಿ ನೀವು" ಅಂದೆ. ದೂರಿನಂತೆ ಹೇಳಬೇಕೆಂದಿದ್ದೆ, ಹಾಗೆ ಬರಲಿಲ್ಲ.

ಅವರು ತಲೆ ಎತ್ತಲಿಲ್ಲ, ಕಡ್ಡಿಯನ್ನೂ ಸಡಿಲಿಸಲಿಲ್ಲ. ಚೈನನ್ನೇ ನೋಡುತ್ತ ಹೇಳಿದರು.

"ಕೋಪ ಎಲ್ಲಾ ಒಂದೇ ವರ್ಸಕ್ಕೆ ಓಯ್ತು. ಅಷ್ಟೊತ್ಗೆ 'ನೀವು' ಅನ್ನಕ್ಕೆ ತಡ ಆಗಿತ್ತು, 'ನೀನು' ಅನ್ನಕ್ಕೆ ನಾಚ್ಕೆ. ಎಂಗ್ ಕರೀಬೇಕು ಅಂತ ಗೊತ್ತಾಗ್ದೆ ಅಂಗೇ ಇದ್ಬುಟ್ಟೆ."

ಅಂದರೆ ಹತ್ತು ವರ್ಷ. ಹತ್ತು ವರ್ಷ ಈ ಮನುಷ್ಯ ಗೋಡೆಯ ಜೊತೆ, ಮೇಜಿನ ಜೊತೆ ಮಾತಾಡಿದ್ದು ನನ್ನನ್ನು ಮಾತಾಡಿಸಲು ಆಗದೆ. ನಾನು ಅದೇ ಮನೆಯ ಮಹಡಿಯಲ್ಲಿ ಮುಖ ಗಂಟಿಕ್ಕಿಕೊಂಡು ಓಡಾಡಿದೆ. ಕಣ್ಣು ತುಂಬಿ ಗಾಡಿ, ಚೈನು, ಅವರ ಕೈ, ಎಲ್ಲ ಕಲಸಿಹೋಯಿತು. ಚಿಮ್ಮಟದ ತುದಿ ಎಲ್ಲಿದೆಯೆಂದೇ ತಿಳಿಯಲಿಲ್ಲ. ನನಗೇನೂ ಕಾಣ್ತಿಲ್ಲ ಅಂದೆ.

"ನಂಗ್ ಕಾಣ್ತದೆ" ಅಂದರು. "ನೀನ್ ಗಟ್ಟಿಯಾಗ್ ಇಡ್ಕೊ, ಸಾಕು."