ಕೈ ಹಚ್ಚದ ಬ್ರೇಕು

ಅಂಗಳದಲ್ಲಿ ನಿಂತ ಕಾರಿನ ಮೂತಿಯನ್ನು ಹಳೆಯ ಧೋತರದ ತುಂಡಿನಿಂದ ಒರೆಸುವುದು ನಮ್ಮ ಬಸವಕಲ್ಯಾಣದ ಮನೆಯಲ್ಲಿ ಹಲ್ಲುಜ್ಜುವಷ್ಟೇ ಸಹಜವಾದ ಬೆಳಗಿನ ಕೆಲಸ. ಹಳೆ ಗಾಡಿ ರಿಪೇರಿ ಮಾಡಿ ಮಾರುವ ಬಸವರಾಜ ಕಾಕಾ ಹೈದರಾಬಾದಿನಿಂದ ತಂದ ಆ ಹಳೆಯ ಅಮೆರಿಕನ್ ಕಾರಿಗೆ ಸೋಫಾದಂಥ ಸೀಟು, ನೀರಿನಿಂದೆದ್ದ ಎಮ್ಮೆಯಂತೆ ಮಿರುಗುವ ಕಪ್ಪು ಮೈ. ಅದಕ್ಕವರು ಮೊದಲಿನ ಎರಡರಷ್ಟು ಬಲದ ಹೊಸ ಇಂಜಿನ್, ಹೊಸ ಗೇರ್‌ಬಾಕ್ಸ್ ಕೂಡಿಸಿದ್ದರು. ಬ್ರೇಕನ್ನು ಮಾತ್ರ ಮುಟ್ಟಿರಲಿಲ್ಲ. ಹಳೆಯ ಗಾಡಿಯಲ್ಲಿ ಅಸಲಿ ಸಾಮಾನು ಉಳಿದಷ್ಟೂ ಅದರ ಮಾನ ಹೆಚ್ಚೆಂಬುದು ಅವರ ನಂಬಿಕೆ.

ಕೊಳ್ಳಲು ಬಂದವರು ಹುಮನಾಬಾದಿನ ಬಟ್ಟೆ ವ್ಯಾಪಾರಿ ಸೂರ್ಯಕಾಂತ ಶೇಠರು. ಮದುವೆಯ ದಿನ ಮಗಳನ್ನು ಇದರಲ್ಲೇ ಕಳಿಸಬೇಕೆಂಬ ಆಸೆ ಅವರದು. "ಬ್ರೇಕ್ ಅಸಲಿ ಕಂಪನೀದು ಶೇಠಜಿ, ಇನ್ನಾ ಕೈ ಹಚ್ಚಿಲ್ಲ" ಎಂದು ಕಾಕಾ ಹೆಮ್ಮೆಪಟ್ಟಾಗ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು ಹಿಂದಿನ ಸೀಟಿನಲ್ಲಿ ಕೂತು ತಲೆದೂಗಿದೆ.

ಓಡಿಸಿ ನೋಡಲೆಂದು ಶೇಠರೇ ನಡೆಸಿದರು. ಹೆದ್ದಾರಿಯಲ್ಲಿ ಕಾರು ಓಡಲಿಲ್ಲ, ತೇಲಿತು. ಅಷ್ಟರಲ್ಲಿ ಎರಡು ಟ್ರೇಲರು ಕಬ್ಬು ಹೇರಿದ ಟ್ರ್ಯಾಕ್ಟರೊಂದು ಮುಂದೆ ಅಡ್ಡ ತಿರುಗಿತು. ಶೇಠರು ಬ್ರೇಕ್ ತುಳಿದರು. ಕಾರು ನಿಲ್ಲದೆ ಎಡಕ್ಕೆಳೆಯಿತು. ಕಬ್ಬಿನ ತುದಿಗಳು ಕಿಟಕಿಯ ಗಾಜನ್ನು ಕೆರೆದ ಆ ಸದ್ದು, ಗೆಳೆಯರೇ, ಈಗಲೂ ಕರಿಹಲಗೆಯ ಮೇಲೆ ಸೀಮೆಸುಣ್ಣ ಎಳೆದಾಗ ಕೇಳಿಸುತ್ತದೆ. ನನ್ನ ಕೈ ಅಲ್ಲೇ ನಿಂತುಬಿಡುತ್ತದೆ.

ಓಡುವುದಕ್ಕೆ ನಾವೆಷ್ಟು ಉದಾರಿಗಳು, ನಿಲ್ಲುವುದಕ್ಕೆಷ್ಟು ಜಿಪುಣರು! ಹೊಸ ಬಲವನ್ನು ತಂದು ಕೂಡಿಸಿ, ಅದನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಅಜ್ಜನ ಕಾಲದ ಸಾಮಾನಿಗೊಪ್ಪಿಸಿ, ಅದನ್ನೇ ಪರಂಪರೆಯೆಂದು ಕೊಂಡಾಡುತ್ತೇವೆ. ಹಳತನ್ನು ಗೌರವಿಸುವುದು ಬೇರೆ, ಅದರ ಮೇಲೆ ಹೊರಲಾರದ ಭಾರ ಹೇರುವುದು ಬೇರೆ ಎಂದು ಈಗ ನಾನು ಅಳುಕಿಲ್ಲದೆ ಹೇಳಬಲ್ಲೆ.

ಕಾರು ತೊಗರಿ ಹೊಲಕ್ಕೆ ನುಗ್ಗಿ ನಿಂತಿತು. ಶೇಠರು ಬೆವರು ಒರೆಸಿಕೊಂಡು, "ಏನ್ ಓಡ್ತದರೀ ಇದು! ನಾಳೀನೇ ಒಯ್ತೀನಿ" ಅಂದರು.

ಹಿರಿಯರ ವ್ಯಾಪಾರದಲ್ಲಿ ನಾನು ಎಂದೂ ಬಾಯಿ ಹಾಕಿದವನಲ್ಲ. ಅಂದು ಹಾಕಿದೆ: "ಕಾಕಾ, ಬ್ರೇಕ್ ಬದಲಿಸದ ಕೊಡಬ್ಯಾಡ್ರಿ."

ಪಕ್ಕದ ಸೀಟಿನಲ್ಲಿದ್ದ ಕಾಕಾ ಬಾಗಿ ಚಾವಿ ತೆಗೆದು ಜೇಬಿಗಿಳಿಸಿದರು.

"ಗಾಡಿ ನಿಮ್ದ ಶೇಠಜಿ. ಹೊಸಾ ಬ್ರೇಕ್ ಕೂಡಸೂತನಕ ಚಾವಿ ನಂದು."

"ಅಷ್ಟರಾಗ ಮದುವಿ ಬಂತಂದ್ರ ಹ್ಯಾಂಗ್ರಿ?"

"ಮಗಳು ಆಟೋದಾಗ ಹೋಗ್ಲಿ. ಗಂಡನ ಮನಿ ಅಂತೂ ಮುಟ್ತಾಳ."

ಶೇಠರು ಸ್ಟೇರಿಂಗಿನಿಂದ ಕೈ ತೆಗೆದು ಕಾಕಾನ ಮುಖ ನೋಡಿದರು, ಆಮೇಲೆ ನಕ್ಕರು. ಕಾರನ್ನು ಅಲ್ಲೇ ಬಿಟ್ಟು ಮೂವರೂ ತೊಗರಿ ಸಾಲು ದಾಟಿ, ಶೇಠರನ್ನು ಊರಿಗೆ ಕಳಿಸಲು ಹುಮನಾಬಾದಿನ ಬಸ್ಸಿಗೆ ಕೈ ಮಾಡುತ್ತ ನಿಂತೆವು.